ಹಿಡಿಕೆ ಯಾವ ಕಡೆಗಿರಬೇಕು?

ರೀಲಿನ ಡಬ್ಬಿ ಬಿಚ್ಚಿದ ಕೂಡಲೇ ಚಿಗಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ಯಾವ ಕೈಲಿ ತಿರುವ್ಬೇಕಪ?"

ಆವತ್ತು ಶನಿವಾರ. ಹಿಂದಿನ ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬಳ್ಳಾರಿಯಲ್ಲಿ ಇಳಿದು, ಬಸ್ಸು ಹಿಡಿದು ಸಿರುಗುಪ್ಪದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಬ್ಯಾಗಲ್ಲಿ ಲ್ಯಾಪ್‌ಟಾಪಿನ ಪಕ್ಕ ಫ್ಲೈ ಫಿಶಿಂಗಿನ ರೀಲು. ಆಫೀಸಿನ ಕೆಲಸದ ಮೇಲೆ ಆರು ತಿಂಗಳು ಅಮೆರಿಕದಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಯೊಬ್ಬ ಶನಿವಾರ ಬಂತಂದ್ರೆ ನನ್ನನ್ನ ಹೊಳೆಗೆ ಕರ್ಕೊಂಡು ಹೋಗ್ತಿದ್ದ. ವಾಪಸ್ ಹೊರಟಾಗ ತನ್ನ ಹಳೇ ರಾಡನ್ನ ನನಗೇ ಕೊಟ್ಟ. ರೀಲು ಮಾತ್ರ ನಾನೇ ಕೊಂಡಿದ್ದು.

ಚಿಗಪ್ಪ ಐವತ್ತು ವರ್ಷದಿಂದ ಮೀನು ಹಿಡಿಯೋ ಮನುಷ್ಯ. ಅವರ ರೀಲು ಅಂದ್ರೆ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ. ನೈಲಾನ್ ದಾರವನ್ನ ಅದರ ಸೊಂಟಕ್ಕೆ ಸುತ್ತಿರ್ತಾರೆ, ತುದಿಗೆ ಗಾಳ, ಗಾಳಕ್ಕೆ ಎರೆಹುಳ. ಎಸೀಬೇಕಾದ್ರೆ ಬಾಟಲಿಯ ಬಾಯನ್ನ ಮುಂದಕ್ಕೆ ಹಿಡಿದ್ರೆ ದಾರ ತಾನೇ ಬಿಚ್ಕೊಂಡು ಹೋಗುತ್ತೆ. ಮೀನು ಸಿಕ್ಕರೆ ಕೈಯಿಂದ ಎಳೆಯೋದು, ಆಮೇಲೆ ಸುತ್ತೋದು. ಬಾಟಲಿಗೆ ಎಡ ಇಲ್ಲ, ಬಲ ಇಲ್ಲ. ಹಿಡಿಕೆ ಇರೋ ಸಾಮಾನು ಬಂದ ಮೇಲೆ ಹುಟ್ಟಿದ ಸಮಸ್ಯೆ ಇದು.

ಸಮಸ್ಯೆ ಸಣ್ಣದು ಅಂತ ನನಗೂ ಅನ್ನಿಸಿತ್ತು. ಡಬ್ಬಿಯೊಳಗಿನ ಚೀಟಿಯಲ್ಲಿ, ಕಾರ್ಖಾನೆಯಿಂದ ಹಿಡಿಕೆ ಬಲಗಡೆಗೆ ಬಂದಿದೆ, ಬೇಕಾದರೆ ಎಡಗಡೆಗೆ ಬದಲಿಸಿಕೊಳ್ಳಿ ಅಂತ ನಾಲ್ಕು ಸಾಲು ಇದ್ದವು. ಸ್ಪೂಲ್ ತೆಗೆದು, ಒಳಗಿನ ಬ್ರೇಕಿನ ಕ್ಲಚ್ಚನ್ನ ತಿರುವಿ ಹಾಕಿ, ಸುತ್ತಿರೋ ಲೈನನ್ನೆಲ್ಲ ಬಿಚ್ಚಿ ಉಲ್ಟಾ ಸುತ್ತಬೇಕು. ಅರ್ಧ ಗಂಟೆ ಕೆಲಸ. ಆದ್ರೆ ಬದಲಿಸಬೇಕೋ ಬೇಡವೋ ಅನ್ನೋದಕ್ಕೆ ನಾನು ಓದಿದ ಪುಸ್ತಕಗಳು, ನೋಡಿದ ಪಾಠಗಳು ಕೊಟ್ಟ ಉತ್ತರ ಮಾತ್ರ ನನ್ನನ್ನ ಎರಡು ವಾರ ಕಾಡಿತು. ಈ ಬರಹ ಆ ಉತ್ತರದ ಮೇಲಿನ ತಕರಾರು.

ಫ್ಲೈ ಫಿಶಿಂಗ್ ನೋಡದವರಿಗೆ ಎರಡು ಮಾತು. ಮಾಮೂಲಿ ಗಾಳದಲ್ಲಿ ತುದಿಯ ಭಾರ ದಾರವನ್ನ ಎಳ್ಕೊಂಡು ಹೋಗುತ್ತೆ. ಇಲ್ಲಿ ತುದಿಯಲ್ಲಿರೋದು ಪುಕ್ಕ, ನೂಲು ಕಟ್ಟಿ ಹುಳದ ಹಾಗೆ ಮಾಡಿದ ಗಾಳ. ಅದಕ್ಕೆ ತೂಕವೇ ಇಲ್ಲ. ತೂಕ ಇರೋದು ದಪ್ಪನೆಯ ಲೈನಿಗೆ. ರಾಡನ್ನ ಹಿಂದಕ್ಕೆ ಮುಂದಕ್ಕೆ ಬೀಸಿ, ಆ ಲೈನನ್ನ ಗಾಳಿಯಲ್ಲಿ ಬಿಡಿಸಿ ನೀರಿಗೆ ಇಳಿಸಬೇಕು. ರೀಲಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ, ಅದು ಲೈನ್ ಇಡೋ ಉಗ್ರಾಣ. ಗೇರೂ ಇಲ್ಲ, ಹಿಡಿಕೆ ಒಂದು ಸುತ್ತು ತಿರುಗಿದ್ರೆ ಸ್ಪೂಲೂ ಒಂದೇ ಸುತ್ತು. ಸಣ್ಣ ಮೀನಾದ್ರೆ ಲೈನನ್ನ ಕೈಯಿಂದಲೇ ಎಳ್ಕೊಂಡುಬಿಡ್ತಾರೆ. ದೊಡ್ಡ ಮೀನು ಓಡಿದಾಗಷ್ಟೇ ರೀಲಿನ ಬ್ರೇಕಿಗೂ ಹಿಡಿಕೆಗೂ ಕೆಲಸ.

ಈಗ ಜಗಳಕ್ಕೆ ಬರೋಣ. ಎರಡು ಪಕ್ಷ ಇವೆ.

ಒಂದು ಪಕ್ಷ ಹೇಳೋದು: ಬಲಗೈಯವನು ಬಲಗೈಲಿ ಬೀಸಬೇಕು, ಎಡಗೈಲಿ ಸುತ್ತಬೇಕು, ಹಾಗಾಗಿ ಹಿಡಿಕೆ ಎಡಕ್ಕಿರಲಿ. ಬೀಸಿದ ಮೇಲೆ ರಾಡನ್ನ ಕೈಯಿಂದ ಕೈಗೆ ದಾಟಿಸೋ ಗೋಜಿರಲ್ಲ. ಮೀನು ಕಚ್ಚಿದ ಕ್ಷಣದಲ್ಲೇ ಲೈನು ಸಡಿಲಾದರೆ ಮೀನು ಹೋಯ್ತು. ಕೈ ಬದಲಿಸೋ ಆ ಒಂದು ಸೆಕೆಂಡೇ ಅಪಾಯ.

ಇನ್ನೊಂದು ಪಕ್ಷ ಹಳೇದು. ಇಂಗ್ಲೆಂಡಿನ ಹಾರ್ಡಿ ಕಂಪನಿಯ ಹಳೇ ರೀಲುಗಳ ಕಾಲದಿಂದ ಬಲಗೈಲಿ ಬೀಸಿ, ರಾಡನ್ನ ಎಡಗೈಗೆ ಕೊಟ್ಟು, ಮತ್ತೆ ಬಲಗೈಲೇ ಸುತ್ತೋದು ರೂಢಿ. ಸಮುದ್ರದಲ್ಲಿ ಹಿಡಿಯೋರೂ ಈ ಕಡೆಯೇ. ಅಮೆರಿಕದ ಲೆಫ್ಟಿ ಕ್ರೇ ಅನ್ನೋ ಗುರು, 1925ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡವರು, ಬಳಗಿದ ಕೈಲೇ ಸುತ್ತಿ ಅಂತ ವಾದಿಸಿದವರಲ್ಲಿ ಒಬ್ಬರು. ಕಾರಣ ಸರಳ. ಸಮುದ್ರದ ಮೀನು ನೂರಾರು ಮೀಟರ್ ಓಡುತ್ತೆ, ತಿರುಗಿ ನಿಮ್ಮ ಕಡೆಗೇ ಬರುತ್ತೆ. ಆಗ ಸಡಿಲಾದ ಲೈನನ್ನ ಬೇಗ ಬೇಗ ಸುತ್ತೋಕೆ ಅಭ್ಯಾಸ ಇರೋ ಕೈ ಬೇಕು.

ಎರಡೂ ಪಕ್ಷದ ಮಾತಿನಲ್ಲಿ ತರ್ಕ ಇದೆ. ಎರಡೂ ಪಕ್ಷದವರು ತಮ್ಮ ನೀರು ಯಾವುದು ಅಂತ ಹೇಳೋದನ್ನ ಮಾತ್ರ ಮರೀತಾರೆ. ಇದು ನನ್ನ ಮೊದಲನೇ ತಕರಾರು.

ಲೆಕ್ಕ ಹಾಕಿದೆ, ಬಿಇ ಓದಿದ್ದಕ್ಕೆ ಅಷ್ಟಾದ್ರೂ ಉಪಯೋಗ ಆಗಲಿ. ಲೈನ್ ಸುತ್ತಿದ ಸ್ಪೂಲಿನ ವ್ಯಾಸ 6 ಸೆಂಟಿಮೀಟರ್ ಅಂದ್ಕೊಂಡ್ರೆ ಒಂದು ಸುತ್ತಿಗೆ ಸುಮಾರು 19 ಸೆಂಟಿಮೀಟರ್ ಲೈನು ಬರುತ್ತೆ. ಮೀನು 100 ಮೀಟರ್ ಓಡಿದ್ರೆ 530 ಸುತ್ತು. ಸೆಕೆಂಡಿಗೆ ಎರಡು ಸುತ್ತಿನಂತೆ ನಿಲ್ಲಿಸದೆ ತಿರುವಿದ್ರೂ ನಾಲ್ಕು ನಿಮಿಷ ದಾಟುತ್ತೆ. ಅಷ್ಟು ಹೊತ್ತು ಅಭ್ಯಾಸವಿಲ್ಲದ ಕೈ ತಡಕೊಳ್ಳಲ್ಲ. ಲೆಫ್ಟಿ ಕ್ರೇ ಹೇಳಿದ್ದು ಸಮುದ್ರಕ್ಕೆ ಸರಿ. ನಮ್ಮ ನಾಡಿನ ದೊಡ್ಡ ಹೊಳೆಗೂ ಸರಿ ಇರಬಹುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನು 120 ಪೌಂಡ್ ತೂಗಿತ್ತು, ಅಂದ್ರೆ 54 ಕಿಲೋ. ಭತ್ತದ ಮೂಟೆಯಷ್ಟು ತೂಕದ ಮೀನು ಹರಿಯೋ ನೀರಲ್ಲಿ ಕೆಳಕ್ಕೆ ಓಡಿದ್ರೆ ಯಾವ ಕೈ ಅಂತ ಯೋಚಿಸೋದು ನ್ಯಾಯವೇ.

ಆದ್ರೆ ನಾನು ನಿಂತಿದ್ದು ನಮ್ಮ ಹೊಲದ ಕೃಷಿ ಹೊಂಡದ ದಂಡೆ ಮೇಲೆ. ಉದ್ದ 21 ಮೀಟರ್, ಅಗಲ 21 ಮೀಟರ್. ಒಂದು ಮೂಲೆಯಿಂದ ಎದುರಿನ ಮೂಲೆಗೆ 30 ಮೀಟರಿಗಿಂತ ತುಸು ಕಮ್ಮಿ. ಚಿಗಪ್ಪ ಬಿಟ್ಟ ಕಾಟ್ಲಾ, ರೋಹು ಅದರೊಳಗಿವೆ. ಯಾರೂ ಬಿಡದೇ ಬಂದು ಸೇರ್ಕೊಂಡ ಜಿಲೇಬಿ ಮೀನೂ ಇವೆ. ಯಾವ ಮೀನಾದ್ರೂ ಎಷ್ಟು ಓಡೀತು? ಪ್ಲಾಸ್ಟಿಕ್ ಹೊದಿಕೆಗೆ ಮೂತಿ ತಾಗೋವರೆಗೆ! ಇಲ್ಲಿ ಸುತ್ತೋ ಕೈಗೆ ಪರೀಕ್ಷೆಯೇ ಇಲ್ಲ. ಪರೀಕ್ಷೆ ಇರೋದು ಬೀಸೋ ಕೈಗೆ. ಒಂದು ಮೀನಿಗೆ ಐವತ್ತು ಸಲ ಬೀಸಬೇಕು, ಬೀಸಿದ ಪ್ರತಿ ಸಲ ಹುಳ ಸದ್ದಿಲ್ಲದೆ ಇಳೀಬೇಕು. ಸಮುದ್ರದ ಉತ್ತರವನ್ನ ಹೊಂಡಕ್ಕೆ ತಂದು ಹಾಕಿದ್ರೆ ಹೇಗೆ? ನಮ್ಮ ಆಫೀಸಲ್ಲೂ ಇದೇ ಆಗುತ್ತೆ. ಕೋಟಿ ಜನ ಬಳಸೋ ಕಂಪನಿಯ ವಿನ್ಯಾಸವನ್ನ ಇನ್ನೂರು ಜನ ಬಳಸೋ ಆ್ಯಪಿಗೆ ತಂದು ಹಾಕಿ, ಆಮೇಲೆ ಯಾಕೆ ಇಷ್ಟು ಭಾರ ಅಂತ ಮೀಟಿಂಗ್ ಮಾಡ್ತೀವಿ.

ಎರಡನೇ ತಕರಾರು ಇನ್ನೂ ಮಜಾ ಇದೆ. ಅಂಗಡಿಯಲ್ಲಿ ಸಿಗೋ ಮಾಮೂಲಿ ಸ್ಪಿನ್ನಿಂಗ್ ರೀಲು ನೋಡಿ. ಹಿಡಿಕೆ ಸಾಮಾನ್ಯವಾಗಿ ಎಡಗಡೆಗೆ ಇರುತ್ತೆ. ಅದೇ ಅಂಗಡಿಯ ಬೇಟ್‌ಕಾಸ್ಟಿಂಗ್ ರೀಲಲ್ಲಿ ಬಹುಕಾಲ ಹಿಡಿಕೆ ಬಲಗಡೆಗೇ ಇತ್ತು, ಎಡಗಡೆಯದು ಬೇಕಂದ್ರೆ ಬೇರೆಯೇ ರೀಲು ಕೊಳ್ಳಬೇಕು. ಒಬ್ಬನೇ ಮನುಷ್ಯ, ಅವೇ ಎರಡು ಕೈ. ಬೆಳಿಗ್ಗೆ ಒಂದು ರೀಲನ್ನ ಎಡಗೈಲಿ ಸುತ್ತಿ, ಸಂಜೆ ಇನ್ನೊಂದನ್ನ ಬಲಗೈಲಿ ಸುತ್ತಿದ್ರೂ ಏನೂ ತಪ್ಪು ಅನ್ನಿಸಲ್ಲ. ಹಾಗಿದ್ದ ಮೇಲೆ 'ಇದೇ ಸಹಜ' ಅನ್ನೋ ಮಾತಿಗೆ ಬೆಲೆ ಏನು? ಯಾರೋ ಮೊದಲು ಹಾಗೆ ಮಾಡಿದ್ರು, ನಾವು ರೂಢಿ ಮಾಡ್ಕೊಂಡ್ವಿ, ಆಮೇಲೆ ಅದಕ್ಕೆ ಕಾರಣ ಹುಡುಕಿದ್ವಿ.

ಬಳ್ಳಾರಿಯ ಕೌಲ್ ಬಜಾರಲ್ಲಿ ಜೀನ್ಸ್ ಹೊಲಿಯೋ ನಮ್ಮ ಸಂಬಂಧಿಕ ಹುಡುಗನೊಬ್ಬ ಇದ್ದಾನೆ, ಎಡಚ. ಹೊಲಿಗೆ ಮಿಷನ್ನಿನ ಚಕ್ರ ಇರೋದು ಬಲಗಡೆ. ಕಷ್ಟ ಆಗಲ್ವಾ ಅಂತ ಕೇಳಿದೆ. "ಸೂಜಿ ಹತ್ರ ಬಟ್ಟಿ ನಡೆಸೋದು ಎಡಗೈನೇ ಅಲ್ಲಣ್ಣ, ಬಲಗೈ ಬರೇ ಚಕ್ರಕ್ಕೆ ಹೋಗಿ ಬರ್ತೈತಿ. ನನಗ ಇದೇ ಚಲೋ" ಅಂದ. ಬಲಗೈಯವರಿಗೆ ಅಂತ ಎಲ್ಲರೂ ತಿಳ್ಕೊಂಡಿರೋ ಮಿಷನ್ನಲ್ಲಿ ಎಡಚನೊಬ್ಬ ತನ್ನ ನಾಜೂಕಿನ ಕೈಗೆ ಕೆಲಸ ಕಂಡ್ಕೊಂಡಿದ್ದಾನೆ.

ನಮ್ಮ ಮನೆಗಳ ಅತೀ ಹಳೇ ಹಿಡಿಕೆ ಅಂದ್ರೆ ಬೀಸುಕಲ್ಲಿನ ಗೂಟ. ಅವ್ವ ಜೋಳ ಬೀಸೋವಾಗ ಒಂದು ಕೈ ಸೋತ್ರೆ ಇನ್ನೊಂದು ಕೈ ಹಾಕ್ತಿದ್ಲು. ಎದುರಿಗೆ ಚಿಗವ್ವ ಕೂತ್ರೆ ಇಬ್ಬರೂ ಒಂದೇ ಗೂಟ ಹಿಡೀತಿದ್ರು. ಆ ಗೂಟ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಕೇಳೋಕೇ ಬರಲ್ಲ, ಅದು ಸುತ್ತಲೂ ಇರುತ್ತೆ. ಕೆಲಸ ಮಾತ್ರ ಇತ್ತು, ಕಡೆ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದ್ರೆ ನನ್ನ ನಿಜವಾದ ತಕರಾರು ಇರೋದು ಎರಡೂ ಪಕ್ಷಗಳು ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡ ಒಂದು ಮಾತಿನ ಬಗ್ಗೆ: 'ಬಲವಾದ ಕೈ'. ಆ ಕೈಗೆ ಬೀಸೋ ಕೆಲಸ ಕೊಡಬೇಕು ಅಂತ ಒಬ್ಬರು, ಸುತ್ತೋ ಕೆಲಸ ಕೊಡಬೇಕು ಅಂತ ಇನ್ನೊಬ್ಬರು. ಬಲವಾದ ಕೈ ಯಾವುದು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತೇ ಇರುತ್ತೆ ಅನ್ನೋ ಹಾಗೆ ಮಾತಾಡ್ತಾರೆ.

ಕನ್ನಡದಲ್ಲಂತೂ ಆ ಪ್ರಶ್ನೆ ಭಾಷೆಯಲ್ಲೇ ಮುಗಿದುಹೋಗಿದೆ. ಬಲ ಅಂದ್ರೆ ಶಕ್ತಿ, ಬಲ ಅಂದ್ರೆ ದಿಕ್ಕು. ಬಲಗೈ ಅಂದ್ರೇನೇ ಬಲ ಇರೋ ಕೈ. ಇನ್ನು ಎಡದ ಪಾಲಿಗೆ ಎಡವೋದು, ಎಡವಟ್ಟು. ಎಡಗೈ ಬಲಗೈ ಅಂತ ಮನುಷ್ಯರ ಜಾತಿಗಳನ್ನೇ ವಿಂಗಡಿಸಿದ ನಾಡು ನಮ್ಮದು. ಆದ್ರೆ ಇದೇ ಸಿರುಗುಪ್ಪದಲ್ಲಿ ತುಂಗಭದ್ರೆಯ ಮುಂದೆ ನಿಂತು ನೋಡಿ. ಹೊಳೆ ಹರಿಯೋ ದಿಕ್ಕಿಗೆ ಮುಖ ಮಾಡಿದ್ರೆ ನಾವು ಬಲದಂಡೆ, ಆಚೆಯ ಸಿಂಧನೂರಿನ ಕಡೆಯವರು ಎಡದಂಡೆ. ಮುಖ ತಿರುಗಿಸಿದ್ರೆ ಎಲ್ಲ ಅದಲು ಬದಲು. ಎಡದಂಡೆ ಕಾಲುವೆಯ ಭತ್ತವೇನೂ ಎಡವಟ್ಟಾಗಿ ಬೆಳೆಯಲ್ಲ. ರೀಲಿನ ಕಥೆಯೂ ಇದೇ. ಹಿಡಿಕೆ ಬಲಕ್ಕಿದ್ದರೆ ಆ ಕಡೆಯಿಂದ ನೋಡೋನಿಗೆ ಅದು ಪ್ರದಕ್ಷಿಣೆ ತಿರುಗುತ್ತೆ, ಎಡಕ್ಕಿದ್ದರೆ ಅಪ್ರದಕ್ಷಿಣೆ. ಮೀನಿನ ಕಡೆಯಿಂದ ನೋಡಿದ್ರೆ ಎರಡರಲ್ಲೂ ಲೈನು ದೂರ ಹೋಗ್ತಾ ಇದೆ, ಅಷ್ಟೇ.

ನನಗೆ ಬಲವಾದ ಕೈ ಯಾವುದು ಅಂತ ನನಗೇ ಗೊತ್ತಿಲ್ಲ. ಯಾಕಂದ್ರೆ ಅದನ್ನ ತೀರ್ಮಾನ ಮಾಡಿದ್ದು ನಾನಲ್ಲ. ಒಂದನೇ ಕ್ಲಾಸಲ್ಲಿ ಸ್ಲೇಟಿನ ಮೇಲೆ ಬಳಪ ಹಿಡಿದಿದ್ದು ಎಡಗೈಲಿ. ಮೇಷ್ಟ್ರು ಮರದ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಹೊಡೀತಿದ್ರು. ದೀಪಾವಳಿ ಹೊತ್ತಿಗೆ ಬಲಗೈಲಿ ಬರೆಯೋದು ಕಲ್ತೆ. ಮನೇಲೂ ತುತ್ತು ಎಡಗೈಗೆ ಹೋದ್ರೆ ಅವ್ವ ಕೈ ಮೇಲೆ ಬಡೀತಿದ್ಲು. ಅವರಿಗೆ ನನ್ನ ಮೇಲೇನು ದ್ವೇಷ ಇರಲಿಲ್ಲ. ಹುಡುಗ ನಾಳೆ ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು ಅಂತ ಅಷ್ಟೇ. ಹತ್ತರಲ್ಲಿ ಸುಮಾರು ಒಬ್ಬ ಎಡಚ ಅಂತಾರೆ. ನಮ್ಮ ಕ್ಲಾಸಲ್ಲಿ ನಲವತ್ತು ಹುಡುಗರಿದ್ವಿ. ನಾಲ್ಕನೇ ಕ್ಲಾಸಿಗೆ ಬರೋ ಹೊತ್ತಿಗೆ ಒಬ್ಬ ಎಡಚನೂ ಉಳಿದಿರಲಿಲ್ಲ.

ಹಾಗಾಗಿ ಬಲಗೈಲಿ ಬರೀತೀನಿ, ಉಣ್ತೀನಿ, ಮೌಸ್ ಹಿಡೀತೀನಿ. ಅಮೆರಿಕದಲ್ಲಿ ಆ ಗೆಳೆಯ "ನೀನು ಯಾವ ಕೈಯವನು?" ಅಂತ ಕೇಳಿದಾಗ ಬಲಗೈ ಅಂದೆ. ಬಲಗೈಗೆ ರಾಡ್ ಕೊಟ್ಟು, ಎಡಗಡೆ ಹಿಡಿಕೆಯ ರೀಲು ಹಾಕಿದ. ಆರು ತಿಂಗಳಾದ್ರೂ ನನ್ನ ಲೈನು ಸೇವಿಗೆಯ ಹಾಗೆ ಗುಡ್ಡೆಯಾಗಿ ಬೀಳ್ತಿತ್ತು. ಮಣಿಕಟ್ಟು ಬಗ್ಗಿಸಬೇಡ, ಆತುರ ಬೇಡ, ಹಿಂದಕ್ಕೆ ಬೀಸಿದಾಗ ಲೈನು ಪೂರ್ತಿ ಬಿಚ್ಚೋವರೆಗೆ ಕಾಯಿ, ಎಲ್ಲ ಹೇಳಿದ. ನನಗೆ ಬರಲ್ಲ ಬಿಡು ಅಂತ ನಾನೇ ತೀರ್ಮಾನಿಸಿದ್ದೆ.

ಹೊಂಡದ ದಂಡೆ ಮೇಲೂ ಅದೇ ಆಯ್ತು. ಹತ್ತು ನಿಮಿಷ ನೋಡಿದ ಚಿಗಪ್ಪ ಬೀಡಿ ಆರಿಸಿದರು. "ನೀನು ಸಣ್ಣಾಂವಿದ್ದಾಗ ಜೋಳದ ಹೊಲದಾಗ ಹಕ್ಕಿ ಕಾಯಾಕ ಕುಂದ್ರಿಸ್ತಿದ್ವಿ, ನೆಪ್ಪೈತೇನು? ಕವಣಿ ಯಾವ ಕೈಲಿ ಬೀಸ್ತಿದ್ದಿ?"

ನೆನಪಿರಲಿಲ್ಲ.

"ಎಡಗೈಲಪ. ಆ ಕೈಗೆ ಕೊಟ್ಟು ನೋಡು."

ಕವಣೆ ಬೀಸೋದನ್ನ ಯಾವ ಮೇಷ್ಟ್ರೂ ತಿದ್ದಿರಲಿಲ್ಲ. ಹೊಲದಲ್ಲಿ ನೋಡೋರು ಯಾರೂ ಇರಲಿಲ್ಲವಲ್ಲ! ರಾಡನ್ನ ಎಡಗೈಗೆ ತಗೊಂಡೆ. ಮೊದಲ ಎರಡು ಸಲ ಲೈನು ಮುದ್ದೆಯಾಯ್ತು. ಮೂರನೇ ಸಲ ಹಿಂದಕ್ಕೆ ಬೀಸಿದಾಗ ಕೈ ತಾನಾಗೇ ಒಂದು ಗಳಿಗೆ ನಿಂತ್ಕೊಂಡಿತು. ಕಲ್ಲಿನ ತೂಕ ಕವಣೆಗೆ ಬರೋವರೆಗೆ ಕಾಯ್ತಿದ್ದ ಅದೇ ಗಳಿಗೆ. ಮುಂದಕ್ಕೆ ಬಿಟ್ಟೆ. ಲೈನು ನೀಟಾಗಿ ಬಿಚ್ಕೊಂಡು ಹೋಗಿ ಹೊಂಡದ ನಡುಮಧ್ಯಕ್ಕೆ ಇಳಿಯಿತು. ಚಿಗಪ್ಪ ಏನೂ ಅನ್ನಲಿಲ್ಲ. ನನಗೆ ಗಂಟಲು ಕಟ್ಟಿತು. ಮೂವತ್ತು ವರ್ಷ ಆ ಕೈ ಸುಮ್ಮನೆ ಜೋತಾಡ್ತಾ ಇತ್ತು, ಅದಕ್ಕೆ ಏನು ಬರುತ್ತೆ ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎಡಗೈಲಿ ಬೀಸೋದಾದ್ರೆ ಬಲಗೈಲಿ ಸುತ್ತಬೇಕು, ಹಿಡಿಕೆ ಬಲಕ್ಕಿರಬೇಕು. ಡಬ್ಬಿಯಿಂದ ಬಂದಾಗಲೇ ಬಲಕ್ಕೇ ಇತ್ತು. ಎರಡು ವಾರ ತಲೆ ಕೆಡಿಸ್ಕೊಂಡು ಕೊನೆಗೆ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಕಾರ್ಖಾನೆಯವರ ಉತ್ತರವೇ ನನ್ನ ಉತ್ತರವೂ ಆಯ್ತು, ಅವರ ಕಾರಣ ಬೇರೆ, ನನ್ನ ಕಾರಣ ಬೇರೆ.

ಹಾಗಾದ್ರೆ ನನ್ನ ಸಲಹೆ ಏನು? ಬಲವಾದ ಕೈ ಯಾವುದು ಅಂತ ಕೇಳ್ಕೋಬೇಡಿ. ನಿಮ್ಮ ನೀರಲ್ಲಿ ಕಷ್ಟದ ಕೆಲಸ ಯಾವುದು ಅಂತ ಕೇಳ್ಕೊಳ್ಳಿ. ಕೆರೆ, ಹೊಂಡ, ಸಣ್ಣ ಹಳ್ಳ ಆದ್ರೆ ಬೀಸೋದೇ ಕಷ್ಟ. ಅದಕ್ಕೆ ನಾಜೂಕಿನ ಕೈ ಕೊಡಿ, ಹಿಡಿಕೆ ಇನ್ನೊಂದು ಕಡೆಗಿರಲಿ. ಸಮುದ್ರ, ದೊಡ್ಡ ಹೊಳೆ, ದೂರ ಓಡೋ ಮೀನು ಆದ್ರೆ ಬೇಗ ಸುತ್ತೋ ಕೈ ಕಡೆಗೆ ಹಿಡಿಕೆ ಇಡಿ; ರಾಡನ್ನ ಕೈ ಬದಲಿಸೋದನ್ನ ಮನೇಲೇ ಅಭ್ಯಾಸ ಮಾಡಿ. ನಾಜೂಕಿನ ಕೈ ಯಾವುದು ಅನ್ನೋದನ್ನ ಸಹಿ ಹಾಕೋ ಕೈಯಿಂದ ತೀರ್ಮಾನಿಸಬೇಡಿ. ಎರಡೂ ಕೈಲಿ ಇಪ್ಪತ್ತಿಪ್ಪತ್ತು ಕಲ್ಲು ಎಸೆದು ನೋಡಿ. ಲೈನ್ ಸುತ್ತೋಕೆ ಮೊದಲೇ ಇದನ್ನ ಮಾಡಿ, ಇಲ್ಲಾಂದ್ರೆ ಎಲ್ಲ ಬಿಚ್ಚಿ ಮತ್ತೆ ಸುತ್ತಬೇಕಾಗುತ್ತೆ.

ಮಾರನೇ ದಿನ ಕುರುಗೋಡಿಗೆ ಹೋದೆ. ಅದು ನನ್ನ ಹೆಂಡತಿಯ ತವರು. ಅವಳೂ ಮಗಳೂ ಮೊದಲೇ ಬಂದಿದ್ರು. ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆತ್ತರ ಮೀರಿದ ಬಸವಣ್ಣನ ಮುಂದೆ ನಿಂತಾಗ, ಆರು ವರ್ಷದ ಮಗಳು ಪ್ರಸಾದಕ್ಕೆ ಎಡಗೈ ಚಾಚಿದಳು. ನಮ್ಮತ್ತೆ ಮೆಲ್ಲಗೆ ಅವಳ ಬಲಗೈ ಮುಂದಕ್ಕೆ ತಂದರು. "ಆ ಕೈಲಿ ಇಸ್ಕೋಬಾರ್ದವ್ವಾ." ನಾನು ಸುಮ್ಮನಿದ್ದೆ. ಪ್ರಸಾದ ತಗೊಳ್ಳೋಕೆ ನಾಜೂಕು ಬೇಕಿಲ್ಲ, ಅದರಲ್ಲಿ ಅತ್ತೆಯ ಮನಸ್ಸಿದೆ. ಅಲ್ಲಿ ಬಲಗೈ ಇರಲಿ.

ಸಂಜೆ ಪಡಸಾಲೆಯಲ್ಲಿ ಕೂತು ಮಗಳು ಬಸವಣ್ಣನ ಚಿತ್ರ ಬರೀತಿದ್ದಳು, ಎಡಗೈಲಿ. ಅತ್ತೆ ಪಕ್ಕಕ್ಕೆ ಬಂದು ಪೆನ್ಸಿಲನ್ನ ಬಲಗೈಗೆ ಕೊಡೋಕೆ ಹೋದರು. ಹಿಂದೆಯೂ ಎಷ್ಟೋ ಸಲ ಹಾಗೆ ಮಾಡಿದ್ದಾರೆ, ನಾನು ಫೋನ್ ನೋಡ್ತಾ ಇದ್ದುಬಿಟ್ಟಿದ್ದೇನೆ.

"ಅದನ್ನ ಬಿಡ್ರಿ ಅತ್ತೆ" ಅಂದೆ. "ಬರೆಯೋದು ಆ ಕೈಲೇ ಬರ್ಲಿ."

"ನಾಳೆ ಸಾಲ್ಯಾಗ ಬೈದ್ರ?"

"ಬೈದ್ರೆ ನಾನು ಹೋಗಿ ಮಾತಾಡ್ತೀನಿ."

ಅತ್ತೆ ಒಂದು ಸಲ ನನ್ನ ಮುಖ, ಒಂದು ಸಲ ಮೊಮ್ಮಗಳ ಕೈ ನೋಡಿದರು. ಪೆನ್ಸಿಲ್ ಬಿಟ್ಟರು. ಮಗಳು ತಲೆ ಎತ್ತಲಿಲ್ಲ, ಕೊಂಬು ಬರೆಯೋದರಲ್ಲಿ ಇದ್ದಳು.